ಕೆರೆಯ ಮೀನು, ಕಾವಲಿನ ಕೃಷ್ಣಮೃಗ ಮತ್ತು ನಮ್ಮ ಹುಡುಗಿಯರ ವಿದ್ಯಾರ್ಥಿವೇತನ



ಈ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಶಾಲೆಯಿಂದ ಕೇಳಿಕಳುಹಿಸಿದಾಗ ನಾವು ಬಹಳ ಆಲೋಚಿಸದೆ ಈ ವಿಷಯವನ್ನೇ ಆರಿಸಿಕೊಂಡೆವು. ನಮ್ಮ ಶಾಲೆಯಿಂದ ಹೊರಟ ಹುಡುಗಿಯರು ಉಪಾಧ್ಯಾಯಿನಿಯರಾಗಿದ್ದಾರೆ, ದಾದಿಯರಾಗಿದ್ದಾರೆ, ವೈದ್ಯೆಯರಾಗಿದ್ದಾರೆ. ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ಗೌರವದ ಸ್ಥಾನಗಳಲ್ಲಿದ್ದಾರೆ. ಆದರೆ ಮೀನುಗಳನ್ನೂ ಮೃಗಪಕ್ಷಿಗಳನ್ನೂ ಅವು ಬಾಳುವ ನೀರು ನೆಲಗಳನ್ನೂ ಶಾಸ್ತ್ರೀಯವಾಗಿ ಅಭ್ಯಾಸ ಮಾಡಲೆಂದು ಮುಂದಿನ ಓದಿಗೆ ಹೋದವರು ಎಷ್ಟು ಮಂದಿ? ನಮಗೆ ತಿಳಿದವಳು ಒಬ್ಬಳೇ. ಅವಳ ಕಥೆಯನ್ನು ಮುಂದೆ ಹೇಳುವೆವು. ಈ ವಿದ್ಯೆಗೆ ಬೇಕಾದ ಬುದ್ಧಿ ನಮ್ಮ ಹುಡುಗಿಯರಲ್ಲಿ ಇಲ್ಲದೆ ಇಲ್ಲ. ಸರಕಾರದ ವಿದ್ಯಾರ್ಥಿವೇತನಗಳೂ ಇಲ್ಲದೆ ಇಲ್ಲ. ವೇತನಕ್ಕೂ ಹುಡುಗಿಗೂ ನಡುವೆ ಒಂದು ಹಳ್ಳವಿದೆ. ಅದಕ್ಕೆ ಕಾಲುಸಂಕವನ್ನು ಹಾಕುವವರು ಇಲ್ಲ. ಆ ಸಂಕವನ್ನು ನಾವು, ಹಳೆಯ ವಿದ್ಯಾರ್ಥಿನಿಯರು, ಹಾಕಬಹುದೆಂಬುದೇ ಈ ಲೇಖನದ ತಾತ್ಪರ್ಯ.

ನಾವು ಹಿರೇನಲ್ಲೂರಿನವರು, ಒಂದೇ ಊರಿನಿಂದ ಬಂದು ಈ ಶಾಲೆಯ ನಿಲಯದಲ್ಲಿದ್ದು ಓದಿದ ಮೂವರು. ಕಡೂರು ತಾಲ್ಲೂಕಿನ ನಮ್ಮ ಊರನ್ನು ಅಲ್ಲಿನ ಮಲ್ಲಿಕಾರ್ಜುನ ದೇವಾಲಯದ ದೆಸೆಯಿಂದ ಶಿಲ್ಪಪ್ರಿಯರು ಬಲ್ಲರು. ಪಡುವಣ ದಿಕ್ಕಿನ ಬಾಬಾಬುಡನ್ ಗಿರಿಗಳು ಮಳೆಯ ಬಹುಭಾಗವನ್ನು ತಾವೇ ತಡೆದುಕೊಂಡು, ಉಳಿದುದನ್ನು ನಮಗೆ ಬಿಡುತ್ತವೆ. ಆ ಗಿರಿಗಳಿಂದ ಇಳಿದ ವೇದಾ ಮತ್ತು ಅವತಿ ಎಂಬ ಹೊಳೆಗಳು ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗದ ಕಡೆಗೆ ಹರಿದು, ೧೯೦೭ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ನಮ್ಮ ಸೀಮೆಯ ಹುಲ್ಲುಗಾವಲುಗಳು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟ ಕಾವಲುಗಳು. ಆ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿ ಇಂದಿಗೂ ಉಂಟು. ತಾಲ್ಲೂಕಿನ ಬಾಸೂರು ಕಾವಲನ್ನು ೨೦೧೧ರಲ್ಲಿ ಸರಕಾರವು ಕೃಷ್ಣಮೃಗಗಳ ಸಲುವಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ತರೀಕೆರೆಯ ಕಡೆಗೆ ಹೋದರೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು. ಅದರಾಚೆ, ೧೯೯೮ರಿಂದ ಹುಲಿಗಳ ರಕ್ಷಿತಾರಣ್ಯವಾಗಿರುವ ಭದ್ರಾ ಕಾಡು. ಕೆರೆ, ಹೊಳೆ, ಹುಲ್ಲುಗಾವಲು, ಘೋರಾರಣ್ಯ ಇವೆಲ್ಲವೂ ಒಂದು ದಿನದ ಪ್ರಯಾಣದೊಳಗೆ ಸಿಕ್ಕುವ ಇಂಥ ಪಾಠಶಾಲೆ ಎಲ್ಲರಿಗೂ ದೊರೆಯತಕ್ಕದ್ದಲ್ಲ.

ಇಂಥ ನೆಲದಲ್ಲಿ ಬೆಳೆದ ಹುಡುಗಿಗೆ, ಮೊದಲ ಮಳೆಗೆ ಹಳ್ಳ ಕೆಂಪಾಗಿ ಹರಿದಾಗ ಯಾವ ಮೀನು ನೀರಿಗೆ ಎದುರಾಗಿ ಏರುವುದೆಂಬುದು ಗೊತ್ತು. ಕೆರೆ ಬತ್ತಿ ಕೆಸರಾದ ಬೇಸಗೆಯಲ್ಲಿ ಕೊರವ ಮೀನು ಹೇಗೆ ಜೀವ ಹಿಡಿದಿರುವುದೆಂಬುದು ಗೊತ್ತು. ಕುರಿ ಕಾಯಲು ಹೋದವಳಿಗೆ ಕೃಷ್ಣಮೃಗದ ಮರಿ ಯಾವ ಹುಲ್ಲಿನಲ್ಲಿ ಅಡಗಿ ಮಲಗುವುದೆಂಬುದೂ ಗೊತ್ತು. ಆದರೆ ಇದನ್ನು ಅವಳು ವಿದ್ಯೆಯೆಂದು ತಿಳಿದಿಲ್ಲ. ನಾವೂ ಅದನ್ನು ವಿದ್ಯೆಯೆಂದು ಅವಳಿಗೆ ಹೇಳಿದ್ದಿಲ್ಲ.

ಹಾಗಾದರೆ ವಿಶ್ವವಿದ್ಯಾನಿಲಯದಲ್ಲಿ ಕಲಿಸುವುದೇನು? ಒಂದು ಜೀವಿ ತಾನಿರುವ ನೀರಿಗೂ ನೆಲಕ್ಕೂ ನೆರೆಯ ಜೀವಿಗಳಿಗೂ ಹೇಗೆ ಕಟ್ಟುಬಿದ್ದಿದೆ ಎಂಬುದನ್ನು ಎಣಿಸಿ, ಅಳೆದು, ವರ್ಷವರ್ಷವೂ ಹೋಲಿಸಿ ತಿಳಿಯುವುದೇ ಪರಿಸರವಿಜ್ಞಾನ. ಉದಾಹರಣೆಗೆ ನಮ್ಮ ಕೆರೆಗಳನ್ನೇ ನೋಡಿರಿ. ಇಂದು ಅಲ್ಲಿ ಸಾಕಿ ಮಾರುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಉತ್ತರದ ಗಂಗೆಯ ಬಯಲಿನಿಂದ ತಂದವು. ಜನರು ಜಿಲೇಬಿಮೀನೆನ್ನುವ ತಿಲಾಪಿಯ ಆಫ್ರಿಕದ್ದು. ಭಾರತಕ್ಕೆ ಬಂದುದು ೧೯೫೨ರಲ್ಲಿ. ತಾಯಿಮೀನು ಮೊಟ್ಟೆಮರಿಗಳನ್ನು ಬಾಯೊಳಗಿಟ್ಟುಕೊಂಡು ಕಾಯುವುದರಿಂದ ಅದರ ಸಂತತಿ ಬೇಗ ಬೇಗ ಹೆಚ್ಚಿತು. ಆಫ್ರಿಕದ ಕ್ಯಾಟ್‌ಫಿಶ್ ಮೀನನ್ನು ಸಾಕಬಾರದೆಂದು ಸರಕಾರವು ೨೦೦೦ದಲ್ಲಿ ನಿಷೇಧಿಸಿತು. ಈ ಹೊಸ ನಂಟರ ನಡುವೆ ನಮ್ಮ ಕೊರವ, ಚೇಳುಮೀನು, ಹಾವುಮೀನುಗಳು ಯಾವ ಕೆರೆಯಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಊರವರೇ ಕುಳಿತು ಎಣಿಸಬೇಕು.

ಇನ್ನೊಂದು ಪ್ರಶ್ನೆ ನಮ್ಮ ಕಣ್ಣೆದುರಿಗೇ ಹರಿಯುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯಿಂದ ಭದ್ರೆಯ ನೀರನ್ನು ತರೀಕೆರೆಯ ಕಡೆಯಿಂದ ಮೇಲಕ್ಕೆತ್ತಿ, ಅಜ್ಜಂಪುರದ ಬಳಿಯ ಸುರಂಗದ ಮೂಲಕ ಚಿತ್ರದುರ್ಗದ ಸೀಮೆಗೆ ಹರಿಸುತ್ತಾರೆ. ೧೯೩೩ರಲ್ಲಿ ತುಂಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿಬಿದ್ದುದು ೨೦೨೨ರಲ್ಲಿ. ಒಳ್ಳೆಯ ಮಳೆಯ ಜತೆಗೆ ಭದ್ರೆಯ ನೀರೂ ಅದಕ್ಕೆ ನೆರವಾಯಿತು. ಬಾಯಾರಿದ ಸೀಮೆಗೆ ನೀರು ಬಂದುದು ಸಂತೋಷವೇ. ಆದರೆ ನೀರಿನೊಡನೆ ಯಾವ ಮೀನು, ಯಾವ ಮೊಟ್ಟೆ, ಯಾವ ಜೊಂಡಿನ ಬೀಜ ಒಂದು ಹೊಳೆಯಿಂದ ಇನ್ನೊಂದಕ್ಕೆ ದಾಟುತ್ತದೆ? ಇದನ್ನು ನೋಡಿ ಬರೆದಿಡತಕ್ಕವರು ಈ ದಡದ ಮಕ್ಕಳೇ ಆಗಬಾರದೇಕೆ? ಕಾವಲಿನ ಮಾತೂ ಹಾಗೆಯೇ. ಹುಲ್ಲುಗಾವಲನ್ನು ಬಂಜರೆಂದು ತಿಳಿದು ಅಲ್ಲಿ ಗಿಡ ನೆಡುವುದೇ ಪುಣ್ಯವೆಂದು ನಂಬಿರುವ ಸಜ್ಜನರು ಬಹಳ ಮಂದಿ. ಕೃಷ್ಣಮೃಗವಾದರೋ ತೆರೆದ ಬಯಲಿನ ಪ್ರಾಣಿ. ದೂರಕ್ಕೆ ನೋಡಿ, ಓಡಿ, ಪ್ರಾಣ ಉಳಿಸಿಕೊಳ್ಳತಕ್ಕದ್ದು. ಕಾವಲು ಕಾಡಾದರೆ ಅದಕ್ಕೆ ಮನೆಯಿಲ್ಲ. ಇಂಥ ಸೂಕ್ಷ್ಮವು ಅಭ್ಯಾಸದಿಂದಲ್ಲದೆ ತಿಳಿಯದು.

ದೇವರು ಮೃಗಪಕ್ಷಿಗಳನ್ನು ಆದಾಮನ ಮುಂದೆ ತಂದು ಹೆಸರಿಡಿಸಿದ ಕಥೆಯನ್ನು ನಾವು ಭಾನುವಾರದ ಶಾಲೆಯಲ್ಲಿ ಕಲಿತವರು. ಆ ಕೆಲಸ ಇನ್ನೂ ಮುಗಿದಿಲ್ಲವೆಂಬುದಕ್ಕೆ ಕಾವೇರಿಯ ದೊಡ್ಡ ಮಹಶೀರ್ ಮೀನೇ ಸಾಕ್ಷಿ. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರ ಗಾಳಕ್ಕೆ ಸಿಕ್ಕ ಒಂದು ಮೀನು ೧೨೦ ಪೌಂಡು ತೂಗಿತ್ತು. ಇಷ್ಟು ಪ್ರಸಿದ್ಧವಾದ ಮೀನು ಶಾಸ್ತ್ರದ ಪ್ರಕಾರ ಯಾವುದೆಂಬುದು ನಿಶ್ಚಯವಾದುದು ೨೦೧೮ರಲ್ಲಿ: ಕೇರಳದ ಪಾಂಬಾರ್ ಹೊಳೆಯಲ್ಲಿ ದೊರೆತು ಟಾರ್ ರೇಮಾದೇವಿ ಎಂಬ ಹೆಸರನ್ನು ಮೊದಲೇ ಪಡೆದಿದ್ದ ಮೀನೇ ಇದೆಂದು ತಿಳಿದುಬಂತು. ಭಾರತೀಯ ಪ್ರಾಣಿಸರ್ವೇಕ್ಷಣ ಇಲಾಖೆಯಲ್ಲಿ ಸಿಹಿನೀರಿನ ಮೀನುಗಳನ್ನು ಅಭ್ಯಸಿಸಿದ ವಿದುಷಿ ಕೆ. ರೇಮಾದೇವಿಯವರ ಗೌರವಾರ್ಥವಾಗಿ ಇಟ್ಟ ಹೆಸರದು. ಅದೇ ೨೦೧೮ರಲ್ಲಿ ಆ ಮೀನು ಅಳಿವಿನ ಅಂಚಿನಲ್ಲಿದೆಯೆಂದು ಅಂತರರಾಷ್ಟ್ರೀಯ ಕೆಂಪುಪಟ್ಟಿಗೂ ಸೇರಿತು. ಕಾವೇರಿಯ ಅತಿ ದೊಡ್ಡ ಮೀನು ಒಬ್ಬ ಹೆಂಗಸಿನ ಹೆಸರನ್ನು ಹೊತ್ತು ಈಜುತ್ತಿರುವುದು ನಮ್ಮ ಹುಡುಗಿಯರಿಗೆ ತಿಳಿದಿರಬೇಡವೆ?

ಇಂಥ ವಿದ್ಯೆಯಲ್ಲಿ ನಡೆದ ಹೆಂಗಸರು ಬೇರೆಯೂ ಇದ್ದಾರೆ. ತಲಚೇರಿಯಲ್ಲಿ ೧೮೯೭ರಲ್ಲಿ ಹುಟ್ಟಿದ ಇ. ಕೆ. ಜಾನಕಿ ಅಮ್ಮಾಳ್ ಅವರು ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಬಾರ್ಬರ್ ವಿದ್ಯಾರ್ಥಿವೇತನವನ್ನು ಪಡೆದರು. ಏಷ್ಯಾಖಂಡದ ಹೆಂಗಸರಿಗೆಂದೇ ೧೯೧೭ರಲ್ಲಿ ಸ್ಥಾಪಿತವಾದ ವೇತನವದು. ೧೯೩೧ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿ, ಕಬ್ಬಿನ ತಳಿಗಳನ್ನೂ ಕಾಡುಗಿಡಗಳನ್ನೂ ಅಭ್ಯಸಿಸಿ, ಮುಪ್ಪಿನಲ್ಲಿ ಕೇರಳದ ಮೌನಕಣಿವೆಯ ಕಾಡು ಮುಳುಗಬಾರದೆಂದು ದನಿಯೆತ್ತಿದರು. ಜೆ. ವಿಜಯಾ ಎಂಬವರು ಕಾಲೇಜಿನ ಹುಡುಗಿಯಾಗಿದ್ದಾಗಲೇ ಮದರಾಸಿನ ಹಾವುಗಳ ಉದ್ಯಾನದಲ್ಲಿ ಸೇವೆಗೆ ನಿಂತು, ಬಹುಕಾಲ ಯಾರಿಗೂ ಕಾಣದಿದ್ದ ಕಾಡು ಆಮೆಯೊಂದನ್ನು ೧೯೮೨ರಲ್ಲಿ ಕೇರಳದ ಅರಣ್ಯದಲ್ಲಿ ಮತ್ತೆ ಕಂಡುಹಿಡಿದರು. ೨೦೦೬ರಲ್ಲಿ ಆ ಆಮೆಯ ಕುಲಕ್ಕೆ ಅವರ ಹೆಸರನ್ನೇ ಸೇರಿಸಿ ವಿಜಯಾಕೆಲಿಸ್ ಎಂದು ಕರೆದರು. ನಮ್ಮ ಸೀಮೆಗೇ ಬಂದು ಕೆಲಸ ಮಾಡಿದವರು ಕೃತಿ ಕಾರಂತರು. ಭದ್ರಾ ಅರಣ್ಯದೊಳಗಿಂದ ೨೦೦೧–೦೨ರಲ್ಲಿ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದು, ಕೆಲವು ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿ, ಕೆಲವು ಕೆಳಗೂರಿನಲ್ಲಿ ನೆಲೆಸಿದುವಷ್ಟೆ. ಆ ಜನರನ್ನು ವಿಚಾರಿಸಿ, ಅವರ ಸುಖದುಃಖಗಳನ್ನು ತಿಳಿದು, ೨೦೦೭ರಲ್ಲಿ ಅವರು ಪ್ರಕಟಿಸಿದ ಲೇಖನವು ಕಾಡಿನ ವಿದ್ಯೆಯಲ್ಲಿ ಮನುಷ್ಯರ ಕಥೆಯೂ ಸೇರಿದೆಯೆಂಬುದನ್ನು ತೋರಿಸಿತು.

ಈ ವಿದ್ಯೆ ದೊರೆಯುವ ಸ್ಥಳಗಳು ದೂರವೇನೂ ಅಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು ೧೯೬೯ರಲ್ಲಿ ಸ್ಥಾಪಿತವಾದುದು. ಭಾರತದಲ್ಲಿ ಆ ಬಗೆಯ ಕಾಲೇಜುಗಳಲ್ಲಿ ಅದೇ ಮೊದಲನೆಯದು. ಅಲ್ಲಿ ನಾಲ್ಕು ವರ್ಷಗಳ ಪದವಿ. ಲಕ್ಕವಳ್ಳಿಗೆ ನೆರೆಯಾದ ಶಂಕರಘಟ್ಟದಲ್ಲಿ, ೧೯೮೭ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾನಿಲಯವು ವನ್ಯಜೀವಿ ನಿರ್ವಹಣೆಯನ್ನೇ ಸ್ನಾತಕೋತ್ತರ ವಿಷಯವಾಗಿ ಕಲಿಸುವ ವಿಭಾಗವನ್ನು ಇಟ್ಟುಕೊಂಡಿದೆ. ಬೀರೂರಿನಲ್ಲಿ ರೈಲು ಹತ್ತಿದರೆ ಭದ್ರಾವತಿ ಎಷ್ಟು ಹೊತ್ತಿನ ದಾರಿ? ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ೨೦೦೪ರಲ್ಲಿ ವನ್ಯಜೀವಿ ಶಾಸ್ತ್ರದ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು.

ಇನ್ನು ಹಣದ ಮಾತು. ಕೃಷಿಕರ ಮಕ್ಕಳಿಗಾಗಿ ರಾಜ್ಯ ಸರಕಾರವು ೨೦೨೧ರಲ್ಲಿ ರೈತ ವಿದ್ಯಾನಿಧಿಯನ್ನು ಸ್ಥಾಪಿಸಿ, ವಿಜ್ಞಾನ ಪದವಿ ಓದುವ ಹುಡುಗಿಗೆ ವರ್ಷಕ್ಕೆ ೫,೫೦೦ ರೂಪಾಯಿ, ಸ್ನಾತಕೋತ್ತರ ತರಗತಿಯಲ್ಲಿ ೧೧,೦೦೦ ರೂಪಾಯಿ ಎಂದು ಗೊತ್ತುಮಾಡಿತು. ಹಿಂದುಳಿದ ವರ್ಗಗಳ ಮಕ್ಕಳ ಊಟವಸತಿಗೆಂದು ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ೧,೫೦೦ ರೂಪಾಯಿಯಂತೆ ಹತ್ತು ತಿಂಗಳು ಕೊಡಲು ಗೊತ್ತಾಯಿತು. ಮೂಲವಿಜ್ಞಾನಗಳನ್ನು ಓದುವ ಉತ್ತಮ ವಿದ್ಯಾರ್ಥಿಗಳಿಗೆ ಕೇಂದ್ರ ಸರಕಾರವು ೨೦೦೮ರಲ್ಲಿ ಇನ್‌ಸ್ಪೈರ್ ಎಂಬ ವೇತನವನ್ನು ಹೂಡಿ ವರ್ಷಕ್ಕೆ ೮೦,೦೦೦ ರೂಪಾಯಿಯೆಂದು ನಿಗದಿ ಮಾಡಿತು. ಪ್ರಾಣಿಶಾಸ್ತ್ರ ಓದುವವಳೂ ಅದಕ್ಕೆ ಅರ್ಹಳು. ಮುಂದೆ ಸಂಶೋಧನೆಗೆ ನಿಂತು ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಕೊಡುವ ಕಿರಿಯ ಸಂಶೋಧನ ವೇತನವು ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಗೆ ಏರಿತು. ವೇತನಗಳು ಹುಟ್ಟುವಂತೆ ನಿಲ್ಲುವುದೂ ಉಂಟು. ಅಲ್ಪಸಂಖ್ಯಾತ ವರ್ಗಗಳ ಸಂಶೋಧಕರಿಗೆಂದು ೨೦೦೯ರಲ್ಲಿ ಆರಂಭವಾದ, ನಮ್ಮ ಸಭೆಯ ಮಕ್ಕಳಿಗೂ ತೆರೆದಿದ್ದ ಮೌಲಾನಾ ಆಜಾದ್ ವೇತನವನ್ನು ಕೇಂದ್ರ ಸರಕಾರವು ೨೦೨೨ರಲ್ಲಿ ನಿಲ್ಲಿಸಿತು.

ಪಟ್ಟಿಯನ್ನು ಓದಿದವರಿಗೆ, ಇಷ್ಟಿದ್ದ ಮೇಲೆ ಕೊರತೆಯೇನೆಂದು ತೋರಬಹುದು. ಅದಕ್ಕೆ ಉತ್ತರವಾಗಿ ಆ ಹುಡುಗಿಯ ಕಥೆಯನ್ನು ಹೇಳುವೆವು.

ಅವಳ ತಂದೆ ಕೆರೆಯಲ್ಲಿ ಬಲೆ ಬೀಸಿ ಜೀವಿಸುವವರು. ನಮ್ಮ ಶಾಲೆಯಲ್ಲಿ ಓದುತ್ತಿದ್ದಾಗ ರಜಾದಿನಗಳಲ್ಲಿ ಅವಳು ಸಂತೆಯ ಮೀನುಬುಟ್ಟಿಗಳನ್ನು ನೋಡಿ, ಯಾವ ವಾರ ಯಾವ ಮೀನು ಬಂತು, ಎಷ್ಟುದ್ದವಿತ್ತು ಎಂದು ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಬರೆಯುತ್ತಿದ್ದಳು. ಪದವಿಪೂರ್ವ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗಿ, ದೂರದ ಒಂದು ಕಾಲೇಜಿನಲ್ಲಿ ಮೀನಿನ ವಿದ್ಯೆಗೇ ಸ್ಥಾನ ದೊರಕಿಸಿಕೊಂಡಳು. ವಿಚಾರಿಸಲೆಂದು ನಾವು ಮನೆಗೆ ಹೋದಾಗ ಅವಳ ತಾಯಿ ಒಲೆಯ ಮುಂದಿನಿಂದೇಳದೆಯೇ, "ಮೀನು ಹಿಡಿಯೋದ್ನ ಅವ್ಳಪ್ಪನ್ ತಾವೇ ಕಲ್ತವ್ಳೆ ಕಣಕ್ಕಾ. ಅದ್ಕೆ ಇನ್ನೂ ನಾಕು ವರ್ಷ ಕಾಲೇಜು ಯಾತಕ್ಕೆ?" ಎಂದು ಕೇಳಿದರು. ನಾವು ಉತ್ತರ ಹುಡುಕುತ್ತಿರುವಾಗಲೇ ಜಗಲಿಯ ಮೇಲೆ ಬಲೆ ಹೆಣೆಯುತ್ತಿದ್ದ ತಂದೆ, "ಇರೋ ಮೀನು ಹಿಡಿಯಾಕೆ ನಾನು ಕಲ್ಸಿದೀನಿ. ಇಲ್ದಂಗಾದ ಮೀನು ಯಾಕೋದ್ವು ಅಂತ ನಂಗೂ ಗೊತ್ತಿಲ್ಲ. ಅವ್ಳಾದ್ರೂ ತಿಳ್ಕೊಳ್ಳಿ, ಹೋಗ್ಲಿ ಬಿಡು" ಎಂದರು. ಈ ವಿದ್ಯೆಯ ಪ್ರಯೋಜನವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾವು ಬೇರೆ ಕಂಡಿಲ್ಲ.

ಹುಡುಗಿ ಹೋದಳು. ವೇತನಕ್ಕೆ ಅರ್ಜಿಯನ್ನೂ ಹಾಕಿದಳು. ಅವಳ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರವು ಹೆಸರಿಗೆ ಮುಂಚೆ ಇತ್ತು. ಆಧಾರ್ ಚೀಟಿಯಲ್ಲಿ ಅದು ಹೆಸರಿನ ಕೊನೆಗಿತ್ತು. ಇಷ್ಟೇ ವ್ಯತ್ಯಾಸದಿಂದ ಅರ್ಜಿ ಒಂದು ಕಚೇರಿಯಲ್ಲಿ ನಿಂತಿತು. ಅದನ್ನು ತಿದ್ದಿಸಲು ತಂದೆ ನಾಲ್ಕು ಸಾರಿ ಕೆಲಸ ಬಿಟ್ಟು ತಿರುಗಿದರು. ಅಷ್ಟರಲ್ಲಿ ಕಾಲೇಜಿಗೆ ಕಟ್ಟಬೇಕಾದ ಹಣವನ್ನು ಆಡುಗಳನ್ನು ಮಾರಿ ಕಟ್ಟಿದ್ದಾಯಿತು. ನಿಲಯದ ಹಣಕ್ಕೆ ತಾಯಿಯ ಓಲೆ ಗಿರವಿಗೆ ಹೋಯಿತು. ಹೊಳೆಗಳ ಬಳಿಗೆ ಹೋಗಿ ಕಲಿಯುವ ಪ್ರವಾಸಕ್ಕೂ ಬೂಟುಗಳಿಗೂ ಬೇರೆ ಹಣ ಬೇಕಾಯಿತು. ಎರಡನೆಯ ವರ್ಷದ ಹಣ ಕಟ್ಟುವ ದಿನ ಬಂದಾಗ ಮನೆಯಲ್ಲಿ ಮಾರುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ಹಿಂದಿರುಗಿ ಬಂದಳು. ಬಂದ ಮೂರನೆಯ ತಿಂಗಳಿನಲ್ಲಿ ಮೊದಲ ವರ್ಷದ ವೇತನವು ಪೂರ್ತಿಯಾಗಿ, ಒಂದು ರೂಪಾಯಿಯೂ ಕಡಮೆಯಾಗದೆ, ಅವಳ ಬ್ಯಾಂಕಿನ ಖಾತೆಗೆ ಬಂದು ಬಿತ್ತು. ಅದರಿಂದ ತಾಯಿಯ ಓಲೆಯನ್ನು ಬಿಡಿಸಿಕೊಂಡರು.

ಈಗ ಅವಳು ಜನರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಸಂತೆಯ ದಿನದ ಮೀನಿನ ಲೆಕ್ಕವನ್ನು ಬಿಟ್ಟಿಲ್ಲ. ಅವಳನ್ನು ಕಂಡಾಗಲೆಲ್ಲ ನಮಗೆ ತೋರುವುದಿಷ್ಟೇ: ಅವಳಿಗೆ ವೇತನ ಸಿಕ್ಕದೆ ಹೋದುದಲ್ಲ, ಹೊತ್ತಿಗೆ ಸಿಕ್ಕದೆ ಹೋಯಿತು. ಆ ವರ್ಷ ಅವಳಿಗೆ ದಾನ ಬೇಕಿರಲಿಲ್ಲ. ಸರಕಾರದ ಹಣ ಬರುವವರೆಗೆ ಕೈಹಿಡಿದು ನಿಲ್ಲಿಸುವವರು ಬೇಕಾಗಿತ್ತು.

ಆದುದರಿಂದ ನಮ್ಮ ವಿಜ್ಞಾಪನೆ ಇದು. ಮೀನು, ವನ್ಯಜೀವಿ, ಪರಿಸರ ಇವುಗಳ ಅಭ್ಯಾಸಕ್ಕೆ ಹೋಗುವ ನಮ್ಮ ಶಾಲೆಯ ಹುಡುಗಿಯರಿಗಾಗಿ ಹಳೆಯ ವಿದ್ಯಾರ್ಥಿನಿಯರು ಒಂದು ಸಣ್ಣ ನಿಧಿಯನ್ನು ಇಡೋಣ. ಮೊದಲನೆಯದಾಗಿ, ಕಾಲೇಜಿನ ಹಣವನ್ನೂ ನಿಲಯದ ಹಣವನ್ನೂ ಕಟ್ಟುವ ದಿನವೇ ನಿಧಿಯಿಂದ ಕಟ್ಟುವುದು. ಸರಕಾರದ ವೇತನ ಬಂದಾಗ ಹುಡುಗಿ ಅಷ್ಟನ್ನು ಬಡ್ಡಿಯಿಲ್ಲದೆ ಹಿಂದಿರುಗಿಸುವುದು. ಹೀಗೆ ಮಾಡಿದರೆ ಒಬ್ಬಳಿಗೆ ಕೊಟ್ಟ ಹಣವೇ ಮುಂದಿನವಳಿಗೂ ಆಗುವುದು. ಎರಡನೆಯದಾಗಿ, ಕ್ಷೇತ್ರಾಭ್ಯಾಸಕ್ಕೆ ಬೇಕಾದ ದುರ್ಬೀನು, ಮಳೆಯಂಗಿ, ಬೂಟು, ಬಸ್ಸಿನ ಹಣ ಇವನ್ನು ಹಿಂದಕ್ಕೆ ಕೇಳದೆ ಕೊಡುವುದು. ಸರಕಾರದ ವೇತನಗಳಲ್ಲಿ ಇವಕ್ಕೆಂದು ಏನೂ ಉಳಿಯುವುದಿಲ್ಲ. ಮೂರನೆಯದಾಗಿ, ಹುಡುಗಿಯ ಮನೆಗೆ ಇಬ್ಬರು ಹಳೆಯ ವಿದ್ಯಾರ್ಥಿನಿಯರು ಹೋಗಿ ತಾಯಿತಂದೆಗಳೊಡನೆ ಕುಳಿತು ಮಾತನಾಡುವುದು. ಪ್ರತಿಯಾಗಿ ಅವಳಿಂದ ನಾವು ಬೇಡುವುದು ಒಂದೇ: ವರ್ಷಕ್ಕೊ೦ದು ಸಲ ತನ್ನ ಊರಿನ ಒಂದು ಕೆರೆಯ ಅಥವಾ ಕಾವಲಿನ ಜೀವಿಗಳ ಲೆಕ್ಕವನ್ನು, ಊರವರು ಹೇಳುವ ಹೆಸರುಗಳ ಸಮೇತ, ಕನ್ನಡದಲ್ಲಿ ಬರೆದು ಶಾಲೆಯ ಪುಸ್ತಕಭಂಡಾರಕ್ಕೆ ಕೊಡಬೇಕು. ಹತ್ತು ವರ್ಷ ಕಳೆದರೆ ಆ ಪುಸ್ತಕಗಳೇ ಒಂದು ಆಸ್ತಿಯಾಗುವುವು.

ಪೋಷಕರಿಗೆ ಕೆಲವು ಮಾತು. ಮಗಳು ಎಂಟನೆಯ ತರಗತಿಯಲ್ಲಿರುವಾಗಲೇ ಅವಳ ಹೆಸರು ಶಾಲೆಯ ದಾಖಲೆಯಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಬ್ಯಾಂಕಿನ ಪುಸ್ತಕದಲ್ಲಿಯೂ ಅಕ್ಷರಕ್ಕಕ್ಷರ ಒಂದೇ ಇದೆಯೇ ಎಂದು ನೋಡಿಕೊಳ್ಳಿರಿ. ಖಾತೆ ಅವಳ ಹೆಸರಿನಲ್ಲಿಯೇ ಇದ್ದು, ಅದಕ್ಕೆ ಆಧಾರ್ ಜೋಡಣೆಯಾಗಿರಲಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳ ಅವಧಿ ಮುಗಿಯದಂತೆ ಎಚ್ಚರವಿರಲಿ. ಮೀನುಗಾರಿಕೆಯ ಪದವಿಗೆ ಸೇರುವಾಗ ಕೃಷಿಕರ ಮಕ್ಕಳಿಗೆ ಪ್ರತ್ಯೇಕವಾಗಿ ಸ್ಥಾನಗಳುಂಟು. ಅದಕ್ಕೆ ಕೃಷಿಕರೆಂಬ ಪ್ರಮಾಣಪತ್ರ ಬೇಕು, ಕೈಕೆಲಸದ ಪರೀಕ್ಷೆಯೂ ಇರುವುದು. ಹೊಲದಲ್ಲಿ ದುಡಿದು ಬಲ್ಲ ಹುಡುಗಿಗೆ ಅದು ಅನುಕೂಲವೇ. ಅರ್ಜಿ ತುಂಬುವುದು ಕಷ್ಟವೆಂದು ಯಾರೂ ಹಿಂಜರಿಯಬೇಕಾದುದಿಲ್ಲ; ನಾವು ಹೇಳಿದ ಆ ಹುಡುಗಿಯೇ, ನಮ್ಮ ಶಾಲೆಯ ಮಕ್ಕಳ ಅರ್ಜಿಗಳನ್ನು ಹಣ ಮುಟ್ಟದೆ ತುಂಬಿಕೊಡುವೆನೆಂದು ಮಾತು ಕೊಟ್ಟಿದ್ದಾಳೆ. ಅವಳು ಬಯಸಿದರೆ ಅವಳ ಓದನ್ನೂ ಮುಂದುವರಿಸಲು ನಿಧಿಯ ಮೊದಲ ಹಣ ಸಲ್ಲತಕ್ಕದ್ದೆಂಬುದು ನಮ್ಮ ಮೂವರ ಅಭಿಪ್ರಾಯ, ಸಂಘದವರು ಆಲೋಚಿಸಬೇಕು.

ಗಲಿಲಾಯದ ದಡದಲ್ಲಿ ಕರ್ತನು ಮೊದಲು ಕರೆದವರು ಮೀನುಗಾರರು. ಮೀನಿನ ಮನೆಯವರನ್ನು ಕಿರಿದೆಂದೆಣಿಸುವುದು ನಮಗೆ ಸಲ್ಲದು. ನಾವು ಮೂವರೂ ನಮ್ಮ ಪಾಲನ್ನು ತೆಗೆದಿಟ್ಟು ಶಾಲೆಯ ಮುಖ್ಯೋಪಾಧ್ಯಾಯಿನಿಯವರ ವಶಕ್ಕೆ ಕೊಟ್ಟಿದ್ದೇವೆ. ಅದು ದೊಡ್ಡದಲ್ಲ, ಒಂದು ಹುಡುಗಿಯ ಒಂದು ವರ್ಷದ ನಿಲಯದ ಹಣಕ್ಕೆ ಸಾಕು. ಉಳಿದ ಸೋದರಿಯರು ತಮತಮಗೆ ಸಾಧ್ಯವಾದಷ್ಟನ್ನು ಸೇರಿಸಿದರೆ, ಬರುವ ಜೂನ್ ತಿಂಗಳಿಗೆ ಮೊದಲೇ ನಿಧಿಯ ಕೆಲಸ ಆರಂಭವಾಗಬಹುದು. ಜೂನ್ ದಾಟಿದರೆ ಕಾಲೇಜುಗಳು ಹಣ ಕೇಳತೊಡಗುವುವು. ಹಳ್ಳಗಳಲ್ಲಿ ಮೀನು ಏರುವ ಕಾಲವೂ ಅದೇ.